ಸಾಮ್ರಾಜ್ಯ ಕಟ್ಟದವರ ಭಾಷೆ ಮೂರು ಸಾಮ್ರಾಜ್ಯಗಳ ಕಚೇರಿ ಹೊಕ್ಕಿದ್ದು ಹೇಗೆ?

ಓದುಗರ ಪ್ರಶ್ನೆ: ಅಶೋಕನ ಕಂದಹಾರ್ ಶಾಸನ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿದೆ ಎಂದು ಓದಿದೆ. ಯೇಸು ಮಾತಾಡುತ್ತಿದ್ದದ್ದೂ ಅರಾಮಿಕ್ ಅಂತಾರೆ. ಆದರೆ ಅರಾಮಿಯರ ಸಾಮ್ರಾಜ್ಯ ಅಂತ ಒಂದನ್ನು ಇತಿಹಾಸದ ಪುಸ್ತಕಗಳಲ್ಲಿ ನೋಡಿಯೇ ಇಲ್ಲ. ಹಾಗಿದ್ದರೆ ಅವರ ಭಾಷೆ ಇಷ್ಟು ದೂರ ಹರಡಿದ್ದು ಹೇಗೆ? ಅಷ್ಟು ದೇಶಗಳ ಜನರೆಲ್ಲ ಅದನ್ನು ಮಾತಾಡುತ್ತಿದ್ದರಾ? ನಮ್ಮ ಕಡೆ ಅದರ ಗುರುತು ಏನಾದರೂ ಇದೆಯಾ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ನಡುವಿನದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದು ಬಗೆಹರಿದರೆ ಉಳಿದೆರಡು ಸಲೀಸು.

ಇಲ್ಲ, ಅಷ್ಟು ದೇಶಗಳ ಜನರೆಲ್ಲ ಅರಾಮಿಕ್ ಮಾತಾಡುತ್ತಿರಲಿಲ್ಲ. ಸಿರಿಯಾ, ಇರಾಕ್, ಪ್ಯಾಲೆಸ್ಟೈನ್ ಕಡೆ ಅದು ಮನೆಮಾತಾಗಿ ಬೇರು ಬಿಟ್ಟಿತು. ಇರಾನ್ ಮತ್ತು ಅಫ್ಘಾನಿಸ್ತಾನದ ಕಡೆ ಅದು ಹೆಚ್ಚಾಗಿ ಲಿಪಿಕಾರರ ಕೈಯಲ್ಲಿ, ಕಚೇರಿ ಕಾಗದದಲ್ಲಿ ಇತ್ತು. ಒಂದೇ ಭಾಷೆ ಎರಡು ಕಡೆ ಎರಡು ಬಗೆಯಲ್ಲಿ ಬದುಕಿತು. ಮುಂದೆ ಅದಕ್ಕೆ ಏನಾಯಿತು ಎಂಬುದೂ ಇದರಿಂದಲೇ ತೀರ್ಮಾನವಾಯಿತು. ಕೆಲವರು ಅರಾಮಿಕ್ ಅನ್ನು ‘ಆ ಕಾಲದ ಇಂಗ್ಲಿಷ್’ ಎಂದು ಕರೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇಂಗ್ಲಿಷ್ ಬಂದದ್ದು ಇಂಗ್ಲಿಷರ ಆಳ್ವಿಕೆಯ ಜೊತೆಗೆ. ಅರಾಮಿಕ್ ಹರಡಿದ್ದು ಅರಾಮಿಯರನ್ನು ಸೋಲಿಸಿದವರಿಂದ. ಇಡೀ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಅದೇ.

ಅರಾಮಿಯರು ಮೊದಲಿಗೆ ಸಿರಿಯಾದ ಹುಲ್ಲುಗಾವಲುಗಳ ಕುಲಗಳು. ಕ್ರಿ.ಪೂ. 1100ರ ಸುಮಾರಿಗೆ, ಈಗಿನ ಉತ್ತರ ಇರಾಕಿನಲ್ಲಿದ್ದ ಅಸ್ಸೀರಿಯಾದ ದೊರೆ ಒಂದನೇ ತಿಗ್ಲತ್‌ಪಿಲೇಸರ್ ಇವರ ಮೇಲೆ ಮತ್ತೆ ಮತ್ತೆ ದಂಡೆತ್ತಿ ಹೋದದ್ದನ್ನು ತನ್ನ ಬರಹಗಳಲ್ಲಿ ಹೇಳಿಕೊಂಡಿದ್ದಾನೆ. ಆಮೇಲಿನ ಶತಮಾನಗಳಲ್ಲಿ ಅವರು ಡಮಾಸ್ಕಸ್, ಅರ್ಪಾದ್, ಗುಜಾನ, ಸಮಾಲ್ ಮುಂತಾದ ಕಡೆ ಸಣ್ಣ ಸಣ್ಣ ರಾಜ್ಯ ಕಟ್ಟಿದರು. ಎಲ್ಲವೂ ಬಿಡಿಬಿಡಿ. ಒಂದಾಗಿ ನಿಂತದ್ದಿಲ್ಲ. ಕ್ರಿ.ಪೂ. 732ರಲ್ಲಿ ಮೂರನೇ ತಿಗ್ಲತ್‌ಪಿಲೇಸರ್ ಡಮಾಸ್ಕಸ್ ಅನ್ನು ಗೆದ್ದ. ಅಲ್ಲಿಗೆ ಅವರ ರಾಜಕೀಯ ಮುಗಿದಂತೆಯೇ.

ಆದರೆ ಇಷ್ಟು ಹೊತ್ತಿಗೆ ಅವರ ಕೈಯಲ್ಲಿ ಒಂದು ಒಳ್ಳೆಯ ಸಾಧನ ಸೇರಿತ್ತು. ನೆರೆಯ ಫಿನೀಷಿಯನರಿಂದ ಅವರು 22 ಅಕ್ಷರಗಳ ಲಿಪಿ ಪಡೆದಿದ್ದರು. ಅದರಲ್ಲಿ ವ್ಯಂಜನಗಳಷ್ಟೇ ಇದ್ದವು. ಅರಾಮಿಯರು ಅದೇ ಅಕ್ಷರಗಳಲ್ಲಿ ಕೆಲವನ್ನು ದೀರ್ಘ ಸ್ವರ ತೋರಿಸಲೂ ಬಳಸತೊಡಗಿದರು. ಓದುವುದು ಸುಲಭವಾಯಿತು. ಅತ್ತ ಅಸ್ಸೀರಿಯಾದವರು ಬರೆಯುತ್ತಿದ್ದದ್ದು ಅಕ್ಕೇಡಿಯನ್ ಭಾಷೆ, ಬೆಣೆಯಾಕಾರದ ಗುರುತುಗಳ ಲಿಪಿ. ಅದರಲ್ಲಿ ನೂರಾರು ಚಿಹ್ನೆಗಳು, ಒಂದೊಂದಕ್ಕೂ ಹಲವು ಓದು. ಕಲಿಯಲು ವರ್ಷಗಟ್ಟಲೆ ಬೇಕು. ಬರೆಯಲು ಹಸಿ ಜೇಡಿಮಣ್ಣು ಬೇಕು. ಅರಾಮಿಕ್ ಬರೆಯಲು ಮಸಿ, ಲೇಖನಿ, ಒಂದು ತುಂಡು ತೊಗಲು ಅಥವಾ ಪಪೈರಸ್ (ಜೊಂಡಿನಿಂದ ಮಾಡಿದ ಹಾಳೆ) ಸಾಕು. ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದು.

ಲಿಪಿ ಸುಲಭ ಅನ್ನುವುದೊಂದೇ ಕಾರಣ ಅಂತ ಹೇಳಿ ಮುಗಿಸಿಬಿಡಬಾರದು. ಫಿನೀಷಿಯನ್, ಹೀಬ್ರೂ ಭಾಷೆಗಳಿಗೂ ಅಂಥದ್ದೇ ಲಿಪಿ ಇತ್ತು ಅಲ್ವಾ? ದೊಡ್ಡ ಕಾರಣ ಜನ. ಗೆದ್ದ ನಾಡಿನವರನ್ನು ಊರೂರೇ ಎಬ್ಬಿಸಿ ದೂರದ ಪ್ರಾಂತ್ಯಗಳಲ್ಲಿ ನೆಲೆಗೊಳಿಸುವುದು ಅಸ್ಸೀರಿಯಾದ ರಾಜನೀತಿಯಾಗಿತ್ತು. ದಂಗೆ ಏಳದಿರಲಿ ಎಂಬುದು ಒಂದು ಉದ್ದೇಶ, ಹೊಸ ಹೊಲಗಳಿಗೆ ಮತ್ತು ಕಟ್ಟಡಗಳಿಗೆ ಕೈ ಬೇಕು ಎಂಬುದು ಇನ್ನೊಂದು. ಹೀಗೆ ಹೋದವರಲ್ಲಿ ಅರಾಮಿಕ್ ಮಾತಾಡುವವರು ಬಹಳ. ಹಲವು ಭಾಷೆಯವರು ಒಂದೇ ಕಡೆ ಬಂದು ಬಿದ್ದಾಗ ನಡುವೆ ಒಂದು ಮಾತು ಬೇಕು. ಎಲ್ಲೆಡೆ ಇದ್ದವರ ಮಾತೇ ಅದಾಯಿತು. ತಾನು ಸೋಲಿಸಿದವರ ಭಾಷೆಯನ್ನು ಅಸ್ಸೀರಿಯಾ ತನ್ನ ಕೈಯಾರೆ ತನ್ನ ರಾಜಧಾನಿಯವರೆಗೆ ತಂದುಕೊಂಡಿತು.

ಅಸ್ಸೀರಿಯಾದ ಅರಮನೆಗಳ ಗೋಡೆಗಳ ಮೇಲೆ ಯುದ್ಧದ ಉಬ್ಬುಚಿತ್ರಗಳಿವೆ. ಅವುಗಳಲ್ಲಿ ಇಬ್ಬರು ಗುಮಾಸ್ತರು ಅಕ್ಕಪಕ್ಕ ನಿಂತು ಕೊಳ್ಳೆಯ ಲೆಕ್ಕ ಬರೆಯುವ ನೋಟ ಹಲವು ಸಲ ಬರುತ್ತದೆ. ಒಬ್ಬನ ಕೈಯಲ್ಲಿ ಹಲಗೆ, ಬೆಣೆಲಿಪಿ ಒತ್ತುವ ಕಡ್ಡಿ. ಇನ್ನೊಬ್ಬನ ಕೈಯಲ್ಲಿ ಸುರುಳಿ, ಲೇಖನಿ. ಎರಡನೆಯವನು ಅರಾಮಿಕ್ ಬರೆಯುವವನು ಎಂಬುದು ಹೆಚ್ಚಿನ ವಿದ್ವಾಂಸರ ಓದು. ಬ್ಯಾಬಿಲೋನಿಯದಲ್ಲಿ ಇಂಥವನಿಗೆ ‘ಸೆಪೀರು’ ಎಂಬ ಬೇರೆ ಹುದ್ದೆಯ ಹೆಸರೇ ಇತ್ತು.

ಅಸ್ಸೀರಿಯಾದ ದೊರೆ ಎರಡನೇ ಸರ್ಗೋನನಿಗೆ ಇದು ಹಿಡಿಸಲಿಲ್ಲ. ಕ್ರಿ.ಪೂ. 8ನೇ ಶತಮಾನದ ಕೊನೆಯ ಮಾತು. ಉರ್ ಪಟ್ಟಣದ ಒಬ್ಬ ಅಧಿಕಾರಿ, ತಮಗೆ ಒಪ್ಪಿಗೆಯಾದರೆ ಅರಾಮಿಕ್‌ನಲ್ಲಿ ತೊಗಲಿನ ಮೇಲೆ ಬರೆದು ಕಳಿಸುತ್ತೇನೆ ಎಂದು ಕೇಳಿಕೊಂಡ. ದೊರೆ ಒಪ್ಪಲಿಲ್ಲ. ಅಕ್ಕೇಡಿಯನ್‌ನಲ್ಲಿ ಬರೆದು ಕಳಿಸಬಾರದೇಕೆ ಎಂದು ಮರುಪ್ರಶ್ನೆ ಹಾಕಿದ. ಆ ಪತ್ರ ಉಳಿದಿದೆ. ದೊರೆಯೇ ಬಾಯಿಬಿಟ್ಟು ಬೇಡ ಅನ್ನಬೇಕಾಯಿತು ಅಂದರೆ ಆ ಹೊತ್ತಿಗಾಗಲೇ ಅಧಿಕಾರಿಗಳು ಯಾವ ಕಡೆ ವಾಲಿದ್ದರು ಎಂಬುದು ಗೊತ್ತಾಗುತ್ತದೆ.

ಅದೇ ಕಾಲದ ಇನ್ನೊಂದು ಪ್ರಸಂಗ ಬೈಬಲ್‌ನ ಎರಡನೆಯ ಅರಸುಗಳ ಪುಸ್ತಕದಲ್ಲಿದೆ. ಕ್ರಿ.ಪೂ. 701. ಅಸ್ಸೀರಿಯಾದ ಸೇನೆ ಜೆರುಸಲೇಮಿನ ಮುಂದೆ ನಿಂತಿದೆ. ಅವರ ಅಧಿಕಾರಿ ಕೋಟೆ ಕೆಳಗಿನಿಂದ ಊರಿನವರ ಭಾಷೆಯಲ್ಲೇ ಕೂಗಿ ಬೆದರಿಸುತ್ತಾನೆ. ಒಳಗಿನ ಮಂತ್ರಿಗಳು ಬೇಡಿಕೊಳ್ಳುತ್ತಾರೆ: ದಯವಿಟ್ಟು ಅರಾಮಿಕ್‌ನಲ್ಲಿ ಮಾತಾಡಿ, ನಮಗೆ ಅರ್ಥವಾಗುತ್ತದೆ, ಗೋಡೆ ಮೇಲಿನ ಜನಕ್ಕೆ ಕೇಳುವ ಹಾಗೆ ಯೆಹೂದ್ಯರ ಭಾಷೆಯಲ್ಲಿ ಮಾತಾಡಬೇಡಿ. ಅಂದರೆ ಆಗ ಜೆರುಸಲೇಮಿನಲ್ಲಿ ಅರಾಮಿಕ್ ದರಬಾರಿನವರಿಗೆ ಗೊತ್ತು, ಸಾಮಾನ್ಯರಿಗೆ ಗೊತ್ತಿಲ್ಲ. ಅದೇ ನಾಡಿನಲ್ಲಿ ಯೇಸುವಿನ ಕಾಲಕ್ಕೆ ಬಂದರೆ ಬೆಸ್ತರು, ಬಡಗಿಗಳು ಮಾತಾಡುವುದೇ ಅರಾಮಿಕ್. ಕಚೇರಿಯಿಂದ ಮನೆಯೊಳಕ್ಕೆ ಬರಲು ಶತಮಾನಗಳೇ ಹಿಡಿದವು.

ಕ್ರಿ.ಪೂ. 612ರಲ್ಲಿ ಅಸ್ಸೀರಿಯಾದ ರಾಜಧಾನಿ ನಿನೆವೆ ಬಿತ್ತು. ಅಸ್ಸೀರಿಯಾ ಹೋಯಿತು, ಬ್ಯಾಬಿಲೋನ್ ಬಂತು. ಅರಾಮಿಕ್ ಕದಲಲಿಲ್ಲ. ಕ್ರಿ.ಪೂ. 600ರ ಆಸುಪಾಸಿನಲ್ಲಿ ಅದೋನ್ ಎಂಬ ಸಣ್ಣ ರಾಜನೊಬ್ಬ, ಬ್ಯಾಬಿಲೋನಿನ ಸೇನೆ ಬರುತ್ತಿದೆ, ಸಹಾಯ ಕಳಿಸಿ ಎಂದು ಈಜಿಪ್ಟಿನ ಫೆರೋಗೆ ಪತ್ರ ಬರೆದ. ಅವನು ಫಿಲಿಸ್ತಿಯರ ನಾಡಿನ ಎಕ್ರೋನಿನವನು ಎಂದು ಹೆಚ್ಚಿನವರು ನಂಬುತ್ತಾರೆ. ಬರೆದವನಿಗೂ ಓದಿಸಿಕೊಂಡವನಿಗೂ ಅರಾಮಿಕ್ ತಾಯ್ನುಡಿಯಲ್ಲ. ಆದರೂ ಪತ್ರ ಇರುವುದು ಅರಾಮಿಕ್‌ನಲ್ಲೇ.

ಕ್ರಿ.ಪೂ. 539ರಲ್ಲಿ ಪರ್ಷಿಯಾದ ಸೈರಸ್ ಬ್ಯಾಬಿಲೋನ್ ಹಿಡಿದ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಕಡೆ ಓಡಾಡುತ್ತದೆ: ಆಮೇಲಿನ ಪರ್ಷಿಯನ್ ದೊರೆ ದಾರಯವಹು (ಡೇರಿಯಸ್) ಒಂದು ಆಜ್ಞೆ ಹೊರಡಿಸಿ ಅರಾಮಿಕ್ ಅನ್ನು ಆಡಳಿತ ಭಾಷೆ ಮಾಡಿದ ಅಂತ. ಅಂಥ ಆಜ್ಞೆ ಯಾವುದೂ ಸಿಕ್ಕಿಲ್ಲ. ಇರಾನಿನ ಬೆಹಿಸ್ತೂನ್ ಬಂಡೆಯ ಮೇಲೆ ಅವನು ತನ್ನ ಗೆಲುವಿನ ಕಥೆ ಕೆತ್ತಿಸಿದ್ದು ಹಳೆ ಪರ್ಷಿಯನ್, ಎಲಮೈಟ್ ಮತ್ತು ಬ್ಯಾಬಿಲೋನಿಯನ್ ಭಾಷೆಗಳಲ್ಲಿ. ಅರಾಮಿಕ್ ಆ ಬಂಡೆ ಮೇಲೆ ಇಲ್ಲ. ಆದರೆ ಅದೇ ಕಥೆಯ ಅರಾಮಿಕ್ ಪ್ರತಿ ಈಜಿಪ್ಟಿನ ತುದಿಯಲ್ಲಿ, ಪಪೈರಸ್ ಮೇಲೆ ಸಿಕ್ಕಿತು. ಮೆರೆಯಲು ಬೇರೆ ಭಾಷೆಗಳು, ಮುಟ್ಟಿಸಲು ಅರಾಮಿಕ್. ಪರ್ಷಿಯನ್ನರು ಇದನ್ನು ಹೇರಲಿಲ್ಲ. ನಡೆಯುತ್ತಿದ್ದ ಕಚೇರಿಯನ್ನು ಅದರ ಗುಮಾಸ್ತರ ಸಮೇತ ಹಾಗೇ ಇಟ್ಟುಕೊಂಡರು.

ಕೆಲಸ ನಡೆಯುತ್ತಿದ್ದ ರೀತಿ ಹೀಗೆ ಇದ್ದಿರಬೇಕು: ಅಧಿಕಾರಿ ಪರ್ಷಿಯನ್‌ನಲ್ಲಿ ಹೇಳುತ್ತಾನೆ. ಗುಮಾಸ್ತ ಅರಾಮಿಕ್‌ನಲ್ಲಿ ಬರೆಯುತ್ತಾನೆ. ಪತ್ರ ಸಾವಿರಾರು ಕಿಲೋಮೀಟರ್ ಹೋಗುತ್ತದೆ. ಅಲ್ಲಿನ ಗುಮಾಸ್ತ ಅದನ್ನು ತನ್ನ ಸಾಹೇಬರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳುತ್ತಾನೆ. ಇಬ್ಬರು ಅಧಿಕಾರಿಗಳಿಗೂ ಅರಾಮಿಕ್ ಬರಬೇಕಾಗಿಲ್ಲ. ಗುಮಾಸ್ತರಿಗೆ ಬಂದರೆ ಸಾಕು.

ಈ ಪತ್ರಗಳನ್ನು ಒಮ್ಮೆ ಓದಿದರೆ ಮರೆಯಲು ಆಗುವುದಿಲ್ಲ. ಈಜಿಪ್ಟಿನ ಪ್ರಾಂತ್ಯಾಧಿಪತಿ ಅರ್ಷಾಮ ತೊಗಲಿನ ಮೇಲೆ ಬರೆಸಿದ ಪತ್ರಗಳ ಒಂದು ಕಟ್ಟು ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಕ್ರಿ.ಪೂ. 5ನೇ ಶತಮಾನದವು. ಅದರಲ್ಲೊಂದು ಪ್ರಯಾಣದ ಪರವಾನಗಿ. ಅರ್ಷಾಮನ ಆಸ್ತಿ ನೋಡಿಕೊಳ್ಳುವ ನಖ್ತ್‌ಹೋರ್ ಎಂಬಾತ ಈಜಿಪ್ಟಿಗೆ ಹೊರಟಿದ್ದಾನೆ. ದಾರಿಯ ಊರುಗಳ ಅಧಿಕಾರಿಗಳ ಹೆಸರು ಹಿಡಿದು ಬರೆದಿದ್ದಾರೆ: ಇವನಿಗೆ ದಿನಕ್ಕೆ ಇಷ್ಟು ಹಿಟ್ಟು, ಇಷ್ಟು ವೈನ್ ಅಥವಾ ಬಿಯರ್, ಒಂದು ಕುರಿ; ಜೊತೆಯವರಿಗೆ ಇಷ್ಟಿಷ್ಟು; ಕುದುರೆಗಳಿಗೆ ಮೇವು. ಕೊನೆಯಲ್ಲಿ ಒಂದು ಸಾಲು: ಯಾವುದೇ ಊರಿನಲ್ಲಿ ಒಂದು ದಿನಕ್ಕಿಂತ ಹೆಚ್ಚು ಉಳಿದರೆ, ಆ ಹೆಚ್ಚಿನ ದಿನಗಳಿಗೆ ಭತ್ಯೆ ಕೊಡಬೇಡಿ. ಸಾಮ್ರಾಜ್ಯ ದಿನದಿನವೂ ನಡೆಯುತ್ತಿದ್ದದ್ದು ಇಂಥ ಚೀಟಿಗಳ ಮೇಲೆ.

ಈಗ ಇನ್ನೊಂದು ತುದಿಗೆ ಹೋಗಿ. ಅಫ್ಘಾನಿಸ್ತಾನದ ಉತ್ತರದ ಬ್ಯಾಕ್ಟ್ರಿಯಾ. ಅಲ್ಲಿನ ಕ್ರಿ.ಪೂ. 4ನೇ ಶತಮಾನದ ಅರಾಮಿಕ್ ಪತ್ರಗಳೂ ಸಿಕ್ಕಿವೆ. ಅಖ್ವಮಜ್ದ ಎಂಬ ಮೇಲಧಿಕಾರಿ ಬಗವಂತ ಎಂಬ ಕೆಳಗಿನ ಅಧಿಕಾರಿಗೆ ಬರೆಸಿದ್ದು ಅವುಗಳಲ್ಲಿ ಕೆಲವು. ಒಂದರಲ್ಲಿ ಮಿಡತೆಯ ವಿಷಯ ಬರುತ್ತದೆ. ಒಂದು ಊರಿನ ಕೋಟೆಗೋಡೆ ಕಟ್ಟುವ ಕೆಲಸಕ್ಕೆ ಪಡೆಯವರನ್ನು ಹಾಕಿದ್ದಾರೆ. ಅಷ್ಟರಲ್ಲಿ ಕೊಯ್ಲಿನ ಮೇಲೆ ಮಿಡತೆ ಬಿದ್ದಿದೆ. ಗೋಡೆ ಆಮೇಲೆ ಕಟ್ಟಿದರಾಯಿತು, ಮೊದಲು ಮಿಡತೆ ನೋಡಿಕೊಳ್ಳಲಿ ಎಂದು ಅಪ್ಪಣೆ. ನೈಲ್ ನದಿಯ ದಂಡೆಗೂ ಈ ಊರಿಗೂ ನಡುವೆ ಎಷ್ಟು ದೇಶ, ಎಷ್ಟು ಭಾಷೆ! ಆದರೂ ಎರಡೂ ಕಡೆಯ ಪತ್ರಗಳಲ್ಲಿ ಕಾಗುಣಿತ ಹೆಚ್ಚುಕಡಿಮೆ ಒಂದೇ. ಒಕ್ಕಣೆ ಒಂದೇ. ‘ಈ ಆಜ್ಞೆ ಇಂಥವನಿಗೆ ತಿಳಿದಿದೆ’ ಎಂದು ಲಿಪಿಕಾರನ ಹೆಸರು ಹಾಕುವ ಪದ್ಧತಿ ಕೂಡ ಎರಡೂ ಕಡೆ ಕಾಣುತ್ತದೆ. ಈ ಗುಮಾಸ್ತರೆಲ್ಲ ಒಂದೇ ಬಗೆಯ ತರಬೇತಿಯಲ್ಲಿ ಪಳಗಿದವರು. ಅರಾಮಿಕ್ ಹರಡಿದ ಗುಟ್ಟು ಏನು ಅಂತ ಕೇಳಿದರೆ ನಾನು ಬೆರಳಿಟ್ಟು ತೋರಿಸುವುದು ಈ ತರಬೇತಿಯನ್ನೇ.

ಸಾಮಾನ್ಯ ಜನರ ಬದುಕು ಕಾಣಿಸುವುದು ಎಲಿಫೆಂಟೈನ್ ಎಂಬ ಜಾಗದಲ್ಲಿ. ಅಸ್ವಾನ್ ಹತ್ತಿರ ನೈಲ್ ನಡುವಿನ ಒಂದು ದ್ವೀಪ ಅದು. ಪರ್ಷಿಯನ್ನರ ಪರವಾಗಿ ಅಲ್ಲಿ ಒಂದು ಯೆಹೂದಿ ಪಡೆ ಸಂಸಾರ ಸಮೇತ ನೆಲೆಸಿತ್ತು. ಅವರ ಮನೆಪತ್ರ, ಸಾಲಪತ್ರ, ಮದುವೆ ಕರಾರು ಎಲ್ಲವೂ ಅರಾಮಿಕ್‌ನಲ್ಲಿ. ಮಿಬ್ತಹ್ಯಾ ಎಂಬ ಹೆಂಗಸಿನ ದಸ್ತಾವೇಜುಗಳೇ ಒಂದು ಕಂತೆ ಇವೆ. ಅವಳಿಗೆ ಅಪ್ಪ ಕೊಟ್ಟ ಮನೆ ಇತ್ತು. ಎಸ್ಹೋರ್ ಎಂಬ ಈಜಿಪ್ಟಿನ ಕಟ್ಟಡ ಕೆಲಸದವನ ಜೊತೆ ಅವಳಿಗಾದ ಮದುವೆಯ ಕರಾರು ಹೀಗೆ ಹೇಳುತ್ತದೆ: ನಾಳೆ ಅವಳು ಸಭೆಯಲ್ಲಿ ಎದ್ದು ನಿಂತು ಈ ಗಂಡ ನನಗೆ ಬೇಡ ಅಂದರೆ, ಗೊತ್ತಾದ ಬೆಳ್ಳಿ ತೂಗಿ ಕೊಟ್ಟು, ತಂದ ವಸ್ತುಗಳನ್ನೆಲ್ಲ ತೆಗೆದುಕೊಂಡು, ಇಷ್ಟ ಬಂದ ಕಡೆ ಹೋಗಬಹುದು. ಕ್ರಿ.ಪೂ. 5ನೇ ಶತಮಾನದಲ್ಲಿ ಹೆಣ್ಣಿಗೆ ಈ ಹಕ್ಕು! ನನಗೆ ಯುದ್ಧದ ಶಾಸನಗಳಿಗಿಂತ ಇಂಥ ಕಾಗದಗಳೇ ಜಾಸ್ತಿ ಇಷ್ಟ.

ಅದೇ ದ್ವೀಪದಲ್ಲಿ ಯೆಹೂದಿಗಳ ದೇವರಾದ ಯಾಹುವಿನ ಗುಡಿ ಇತ್ತು. ಪಕ್ಕದಲ್ಲೇ ಈಜಿಪ್ಟಿನವರ ಖ್ನುಮ್ ದೇವರ ಗುಡಿ. ಕ್ರಿ.ಪೂ. 410ರಲ್ಲಿ ಖ್ನುಮ್ ಪೂಜಾರಿಗಳು ಸ್ಥಳೀಯ ಅಧಿಕಾರಿ ವಿದ್ರಂಗನ ಕೈ ಸೇರಿಸಿಕೊಂಡು ಯಾಹು ಗುಡಿಯನ್ನು ಕೆಡವಿಸಿದರು. ಮೂರು ವರ್ಷದ ಮೇಲೆ ದ್ವೀಪದ ಯೆಹೂದಿಗಳು, ಜೆರುಸಲೇಮ್ ಸುತ್ತಲಿನ ಯೆಹೂದ ಪ್ರಾಂತ್ಯದ ರಾಜ್ಯಪಾಲ ಬಗೋಹಿಗೆ ಅರ್ಜಿ ಬರೆದರು. ಗೋಣಿ ಉಟ್ಟು ಉಪವಾಸ ಇದ್ದೇವೆ, ನಮ್ಮ ಹೆಂಡತಿಯರು ವಿಧವೆಯರ ಹಾಗಾಗಿದ್ದಾರೆ, ಎಣ್ಣೆ ಹಚ್ಚಿಕೊಂಡಿಲ್ಲ, ವೈನ್ ಮುಟ್ಟಿಲ್ಲ, ಗುಡಿ ಮತ್ತೆ ಕಟ್ಟಲು ಮಾತು ಹೇಳಿ ಅಂತ. ಆ ಅರ್ಜಿಯ ಎರಡು ಪ್ರತಿಗಳು 20ನೇ ಶತಮಾನದ ಮೊದಲ ವರ್ಷಗಳಲ್ಲಿ ಮಣ್ಣಿನಡಿ ಸಿಕ್ಕಿದವು. ಗುಡಿ ಹಿಂದೆ ಇದ್ದ ಹಾಗೆ ಕಟ್ಟಲಿ ಎಂಬ ಉತ್ತರದ ಟಿಪ್ಪಣಿಯೂ ಸಿಕ್ಕಿದೆ.

ಒಂದು ಎಚ್ಚರಿಕೆ. ಇಷ್ಟೆಲ್ಲ ಕಾಗದ ಸಿಕ್ಕಿದ್ದು ಈಜಿಪ್ಟ್, ಅಫ್ಘಾನಿಸ್ತಾನದಂಥ ಒಣ ಅಂಚುಗಳಲ್ಲಿ. ಅರಾಮಿಕ್‌ನ ನಡುನಾಡಾದ ಬ್ಯಾಬಿಲೋನಿನಲ್ಲಿ ತೊಗಲು, ಪಪೈರಸ್ ಎಲ್ಲ ಕೊಳೆತುಹೋದವು. ಉಳಿದದ್ದು ಜೇಡಿಮಣ್ಣಿನ ಹಲಗೆಗಳು. ಹಾಗಾಗಿ ಅಲ್ಲಿ ಎಲ್ಲರೂ ಬೆಣೆಲಿಪಿಯಲ್ಲೇ ಬರೆಯುತ್ತಿದ್ದರು ಎಂಬ ಭ್ರಮೆ ಹುಟ್ಟುತ್ತದೆ. ಆದರೆ ಅದೇ ಹಲಗೆಗಳ ಅಂಚಿನಲ್ಲಿ, ಇದು ಇಂಥವರ ಸಾಲಪತ್ರ ಎಂದು ಅರಾಮಿಕ್‌ನಲ್ಲಿ ಗೀಚಿದ ಗುರುತುಗಳು ಹಲವು ಇವೆ.

ಕ್ರಿ.ಪೂ. 330ರ ಹೊತ್ತಿಗೆ ಅಲೆಕ್ಸಾಂಡರ್ ಪರ್ಷಿಯಾವನ್ನು ಮುಗಿಸಿದ. ಮೇಲಿನ ಕುರ್ಚಿಗೆ ಗ್ರೀಕ್ ಬಂತು. ಬ್ಯಾಕ್ಟ್ರಿಯಾದ ಅದೇ ಪತ್ರಸಂಗ್ರಹದಲ್ಲಿ ಅಲೆಕ್ಸಾಂಡರನ ಏಳನೇ ವರ್ಷದ್ದು ಎಂದು ತಾರೀಕು ಹಾಕಿದ ಅರಾಮಿಕ್ ಲೆಕ್ಕಪಟ್ಟಿಯೂ ಇದೆ. ದೊರೆ ಬದಲಾದ, ಗುಮಾಸ್ತ ಬದಲಾಗಲಿಲ್ಲ. ನೀವು ಕೇಳಿದ ಅಶೋಕನ ಶಾಸನ ಬರುವುದು ಈ ಹಿನ್ನೆಲೆಯಲ್ಲಿ.

ಕಂದಹಾರಿನ ಆ ಬಂಡೆಶಾಸನ ಬೆಳಕಿಗೆ ಬಂದದ್ದು 1958ರಲ್ಲಿ. ಪಟ್ಟಕ್ಕೆ ಬಂದು ಹತ್ತು ವರ್ಷ ತುಂಬಿದ ಮೇಲೆ ಅಶೋಕ ಬರೆಸಿದ್ದು. ರಾಜ ಪ್ರಾಣಿಹಿಂಸೆ ಕಡಿಮೆ ಮಾಡಿದ, ಬೇಟೆಯವರೂ ಮೀನು ಹಿಡಿಯುವವರೂ ಅದನ್ನು ಬಿಟ್ಟರು ಎಂದು ಮೇಲೆ ಗ್ರೀಕ್, ಕೆಳಗೆ ಅರಾಮಿಕ್ ಹೇಳುತ್ತದೆ. ಆ ಅರಾಮಿಕ್‌ನಲ್ಲಿ ಇರಾನಿ ಪದಗಳು ತುಂಬಿಕೊಂಡಿವೆ. ಸಿರಿಯಾದ ಹಳ್ಳಿಯವನಿಗೆ ಇದು ಅರ್ಥವಾಗುವುದು ಕಷ್ಟವಿತ್ತು. ಇದು ಆ ನಾಡಿನ ಇರಾನಿ ಮೂಲದ ಅಕ್ಷರಸ್ಥರಿಗಾಗಿ ಬರೆದದ್ದು. ತಕ್ಷಶಿಲೆಯಲ್ಲಿ, ಕಾಬೂಲಿನ ಪೂರ್ವಕ್ಕೆ ಲಘ್ಮಾನ್ ಕಡೆಯಲ್ಲೂ ಅಶೋಕನ ಕಾಲದ ಅರಾಮಿಕ್ ಶಾಸನಗಳಿವೆ. ಪರ್ಷಿಯನ್ನರ ಆಡಳಿತ ಹೋಗಿ ಎರಡು ತಲೆಮಾರಾದರೂ ಗಾಂಧಾರದಲ್ಲಿ ಅರಾಮಿಕ್ ಓದುವವರು ಇದ್ದರು ಎಂಬುದಕ್ಕೆ ಇವೇ ಸಾಕ್ಷಿ.

ಇನ್ನು ನಮ್ಮ ಕಡೆಯ ಗುರುತು. ಇದೆ, ಅದೂ ಚಿತ್ರದುರ್ಗ ಜಿಲ್ಲೆಯಲ್ಲಿ. ಗಾಂಧಾರದ ಲಿಪಿಕಾರರು ಅರಾಮಿಕ್ ಅಕ್ಷರಗಳನ್ನು ಆಧಾರವಾಗಿಟ್ಟುಕೊಂಡು, ಪ್ರಾಕೃತ ಬರೆಯಲು ಬೇಕಾದ ಸ್ವರಚಿಹ್ನೆ, ಮಹಾಪ್ರಾಣಗಳನ್ನು ಸೇರಿಸಿ ಖರೋಷ್ಠಿ ಲಿಪಿ ರೂಪಿಸಿದರು. ಅರಾಮಿಕ್‌ನ ಹಾಗೆ ಅದನ್ನೂ ಬಲದಿಂದ ಎಡಕ್ಕೆ ಬರೆಯುತ್ತಾರೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ 1892ರಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ಶಾಸನವೆಲ್ಲ ಬ್ರಾಹ್ಮಿಯಲ್ಲಿದೆ. ಕೊನೆಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಹೆಸರು ಹಾಕಿದ್ದಾನೆ. ‘ಚಪಡೇನ ಲಿಖಿತೇ’ ಅನ್ನುವವರೆಗೆ ಬ್ರಾಹ್ಮಿ. ಅದರ ಮುಂದಿನ ‘ಲಿಪಿಕರೇಣ’ ಎಂಬ ಒಂದೇ ಪದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ. ಅವನು ವಾಯವ್ಯದಿಂದ ಬಂದವನು, ಇಲ್ಲವೇ ಅಲ್ಲಿ ಕಲಿತವನು. ಎರಡೂ ಲಿಪಿ ತನಗೆ ಬರುತ್ತದೆ ಎಂದು ತೋರಿಸಿಕೊಳ್ಳುವ ಹೆಮ್ಮೆ ಆ ಒಂದು ಪದದಲ್ಲಿದೆ ಅಂತ ನನಗೆ ಅನಿಸುತ್ತದೆ. ಸಿರಿಯಾದಿಂದ ಹೊರಟ ಅಕ್ಷರದ ದಾರಿ ದಕ್ಷಿಣದಲ್ಲಿ ಅಲ್ಲಿಯವರೆಗೆ ಬಂದಿತ್ತು. ಕನ್ನಡ ಲಿಪಿಯ ಮೂಲವಾದ ಬ್ರಾಹ್ಮಿಯ ಮೇಲೂ ಅರಾಮಿಕ್ ಪ್ರಭಾವ ಇದೆ ಎಂದು ಹಲವು ವಿದ್ವಾಂಸರು ವಾದಿಸುತ್ತಾರೆ. ಆದರೆ ಅದು ಖರೋಷ್ಠಿಯಷ್ಟು ಖಚಿತವಲ್ಲ, ಚರ್ಚೆ ನಡೆದೇ ಇದೆ. ಯಾರಾದರೂ ತೀರ್ಮಾನವಾಗಿದೆ ಅಂತ ಹೇಳಿದರೆ ನಂಬಬೇಡಿ.

ಇರಾನಿನಲ್ಲಿ ಆದದ್ದು ಇನ್ನೂ ವಿಚಿತ್ರ. ಅರಾಮಿಕ್ ಕಲಿತ ಗುಮಾಸ್ತರ ಪರಂಪರೆ ತೆಳ್ಳಗಾಗುತ್ತಾ ಬಂದಂತೆ, ಅವರು ಅರಾಮಿಕ್ ಪದವನ್ನು ಬರೆದು ಇರಾನಿ ಪದವಾಗಿ ಓದತೊಡಗಿದರು. ಬರೆಯುವುದು ‘ಮಲ್ಕಾ’, ಓದುವುದು ‘ಶಾಹ್’. ಈಗಿನ ತುರ್ಕ್‌ಮೆನಿಸ್ತಾನದ ನೀಸಾದಲ್ಲಿ, ಗ್ರೀಕರ ನಂತರ ಇರಾನ್ ಆಳಿದ ಪಾರ್ಥಿಯನರ ಕಾಲದ ವೈನ್ ಲೆಕ್ಕದ ಮಡಕೆಚೂರುಗಳು ಎರಡು ಸಾವಿರಕ್ಕೂ ಹೆಚ್ಚು ಸಿಕ್ಕಿವೆ. ಮೇಲ್ನೋಟಕ್ಕೆ ಅರಾಮಿಕ್, ಒಳಗೆ ಪಾರ್ಥಿಯನ್. ಭಾಷೆ ಹೋಗಿತ್ತು, ಬರವಣಿಗೆ ನಿಂತಿತ್ತು. ಮುಂದೆ ಮಧ್ಯ ಏಷ್ಯಾದ ಸೋಗ್ಡಿಯನ್ ವ್ಯಾಪಾರಿಗಳಿಂದ ಉಯ್ಗುರರಿಗೆ, ಅವರಿಂದ ಮಂಗೋಲರಿಗೆ ಹೋದ ಲಿಪಿಯೂ ಈ ಬುಡದ್ದೇ.

ಪಶ್ಚಿಮದಲ್ಲಿ ಹಾಗಲ್ಲ. ಅಲ್ಲಿ ಜನ ಮಾತಾಡುತ್ತಿದ್ದರು. ಗ್ರೀಕರು, ರೋಮನರು ಆಳಿದರೂ ಬಿಡಲಿಲ್ಲ. ಬೈಬಲ್‌ನ ದಾನಿಯೇಲ, ಎಜ್ರ ಪುಸ್ತಕಗಳ ಹಲವು ಅಧ್ಯಾಯಗಳು ಅರಾಮಿಕ್‌ನಲ್ಲೇ ಇವೆ. ಮಾರ್ಕನ ಸುವಾರ್ತೆ ಗ್ರೀಕ್‌ನಲ್ಲಿದ್ದರೂ ಯೇಸುವಿನ ‘ತಲಿಥಾ ಕೂಮ್’ನಂಥ ಮಾತುಗಳನ್ನು ಅರಾಮಿಕ್‌ನಲ್ಲೇ ಉಳಿಸಿಕೊಂಡಿದೆ. ಈಗಿನ ಜೋರ್ಡಾನಿನ ಪೆಟ್ರಾದಲ್ಲಿದ್ದ ನಬಾತಿಯರು ಮಾತಿಗೆ ಅರಬ್ಬಿ ಬಳಸುತ್ತಿದ್ದರೂ ಶಾಸನ ಬರೆದದ್ದು ಅರಾಮಿಕ್‌ನಲ್ಲಿ. ಅವರ ಕೈಬರಹವೇ ಬೆಳೆದು ಅರಬ್ಬಿ ಲಿಪಿಯಾಯಿತು. ಈಗಿನ ಹೀಬ್ರೂ ಅಕ್ಷರಗಳ ಚೌಕ ಆಕಾರವೂ ಅರಾಮಿಕ್‌ನಿಂದ ಬಂದದ್ದು.

ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಸೌತ್ ಶೀಲ್ಡ್ಸ್‌ನಲ್ಲಿ ರೋಮನ್ ಕೋಟೆಯೊಂದಿದೆ. ಅಲ್ಲಿ ಸಿಕ್ಕಿದ ಸುಮಾರು 2ನೇ ಶತಮಾನದ ಗೋರಿಕಲ್ಲೊಂದನ್ನು ಇಲ್ಲಿ ಹೇಳದೆ ಇರಲಾರೆ. ಸಿರಿಯಾದ ಪಾಲ್ಮೈರಾದ ಬರಾತೆ ಎಂಬಾತ, 30 ವರ್ಷಕ್ಕೆ ತೀರಿಕೊಂಡ ತನ್ನ ಬ್ರಿಟಿಷ್ ಹೆಂಡತಿ ರೆಜೀನಾಗೆ ನಿಲ್ಲಿಸಿದ್ದು. ಅವಳು ಅವನ ದಾಸಿಯಾಗಿದ್ದು ಬಿಡುಗಡೆ ಪಡೆದವಳು. ಮೇಲಿನ ಲ್ಯಾಟಿನ್ ಸಾಲುಗಳಲ್ಲಿ ಅವಳ ಕುಲ, ವಯಸ್ಸು ಎಲ್ಲ ಇದೆ. ಕೆಳಗೆ ಅವನ ಊರಿನ ಅರಾಮಿಕ್‌ನಲ್ಲಿ ಒಂದೇ ಸಾಲು: ಬರಾತೆ ಬಿಡುಗಡೆ ಮಾಡಿದ ರೆಜೀನಾ, ಅಯ್ಯೋ. ಆ ಕೋಟೆಯಲ್ಲಿ ಅದನ್ನು ಓದಬಲ್ಲವರು ಬಹಳ ಮಂದಿ ಇದ್ದಿರಲಾರರು. ಅವನಿಗೆ ಅಳು ಬರುವುದು ಆ ಭಾಷೆಯಲ್ಲಿ, ಅಷ್ಟೇ.

ಈಗಿನ ಟರ್ಕಿಯಲ್ಲಿರುವ ಎಡೆಸ್ಸಾದ ಅರಾಮಿಕ್, ಅಂದರೆ ಸಿರಿಯಕ್, ಕ್ರೈಸ್ತರ ದೊಡ್ಡ ಸಾಹಿತ್ಯಭಾಷೆಯಾಯಿತು. ಬ್ಯಾಬಿಲೋನಿನ ಯೆಹೂದಿಗಳ ಅರಾಮಿಕ್‌ನಲ್ಲಿ ಅವರ ಧರ್ಮಶಾಸ್ತ್ರದ ದೊಡ್ಡ ಗ್ರಂಥ ತಾಲ್ಮುದ್ ರೂಪುಗೊಂಡಿತು. 7ನೇ ಶತಮಾನದ ನಂತರ ಅರಬ್ಬಿ ನಿಧಾನವಾಗಿ ಜಾಗ ಹಿಡಿಯಿತು. ಹತ್ತಿರದ ಸೋದರಭಾಷೆ ಆದ್ದರಿಂದ ದಾಟುವುದು ಕಷ್ಟವಾಗಲಿಲ್ಲ. ಆದರೂ 9ನೇ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಗ್ರೀಕ್ ವೈದ್ಯಗ್ರಂಥಗಳನ್ನು ಅರಬ್ಬಿಗೆ ತರುವಾಗ ಎಷ್ಟೋ ಸಲ ನಡುವೆ ಸಿರಿಯಕ್ ಇತ್ತು.

ಇವತ್ತೂ ಅರಾಮಿಕ್ ಮಾತಾಡುವವರಿದ್ದಾರೆ. ಸಿರಿಯಾದ ಮಲೂಲಾ ಮತ್ತು ಅದರ ಪಕ್ಕದ ಹಳ್ಳಿಗಳಲ್ಲಿ, ಟರ್ಕಿಯ ತೂರ್ ಅಬ್ದಿನ್‌ನಲ್ಲಿ, ಉತ್ತರ ಇರಾಕಿನಲ್ಲಿ. ಯುದ್ಧ, ಕಿರುಕುಳಗಳಿಂದ ಊರು ಬಿಟ್ಟವರು ಸ್ವೀಡನ್ನಿನ ಸೋದರ್‌ತೆಲ್ಯೆಯಂಥ ಪಟ್ಟಣಗಳಲ್ಲಿ ಮಕ್ಕಳಿಗೆ ಅದನ್ನು ಕಲಿಸುತ್ತಿದ್ದಾರೆ. ಕೇರಳದ ಸಂತ ಥಾಮಸ್ ಕ್ರೈಸ್ತರ ಪೂಜೆಯ ಹಳೆಯ ಭಾಷೆ ಸಿರಿಯಕ್. ಅವರನ್ನು ಸಿರಿಯನ್ ಕ್ರಿಶ್ಚಿಯನ್ನರು ಎನ್ನುವುದು ಅದಕ್ಕೇ. ಅವರಲ್ಲಿ ಎಷ್ಟೋ ಕುಟುಂಬಗಳು ದಕ್ಷಿಣ ಕನ್ನಡಕ್ಕೆ ಬಂದು ನೆಲೆಸಿವೆ, ಬೆಳ್ತಂಗಡಿಯಲ್ಲಿ 1999ರಿಂದ ಅವರದೇ ಧರ್ಮಪ್ರಾಂತ್ಯವೂ ಇದೆ. ಸಂಪ್ರದಾಯಸ್ಥ ಯೆಹೂದಿಗಳ ಮದುವೆ ಕರಾರನ್ನು ಈಗಲೂ ಅರಾಮಿಕ್‌ನಲ್ಲೇ ಬರೆಯುತ್ತಾರೆ.